ಸಂಕಲನದ ಕಂಪ್ಯೂಟರ್ ಕೈಕೊಟ್ಟಾಗ: ದೋಷದ ಜಾಗ ಪತ್ತೆಹಚ್ಚುವ ಕ್ರಮ

ವಿಡಿಯೊ ಸಂಕಲನದ ಕೆಲಸ ಭರದಿಂದ ಸಾಗುತ್ತಿರುವಾಗ ಸಾಫ್ಟ್‌ವೇರ್ ಏಕಾಏಕಿ ಮುಚ್ಚಿಕೊಂಡರೆ, ಅಥವಾ ಎಕ್ಸ್‌ಪೋರ್ಟ್ (ಸಂಕಲಿಸಿದ್ದನ್ನು ಒಂದು ವಿಡಿಯೊ ಕಡತವಾಗಿ ಹೊರತೆಗೆಯುವುದು) ಮುಕ್ಕಾಲು ಪಾಲು ಮುಗಿದು ಅಲ್ಲಿಯೇ ನಿಂತುಬಿಟ್ಟರೆ, ಗಾಬರಿಯಲ್ಲಿ ನಾವು ಮಾಡುವ ಮೊದಲ ತಪ್ಪು ಹಲವು ಮದ್ದುಗಳನ್ನು ಒಟ್ಟಿಗೆ ಪ್ರಯೋಗಿಸುವುದು. ಗ್ರಾಫಿಕ್ಸ್ ಡ್ರೈವರ್ ಬದಲಾಯಿಸುತ್ತೇವೆ, ಕ್ಯಾಶ್ (ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಕೂಡಿಟ್ಟ ತಾತ್ಕಾಲಿಕ ಕಡತಗಳು) ಅಳಿಸುತ್ತೇವೆ, ನಾಲ್ಕಾರು ಸೆಟ್ಟಿಂಗ್‌ಗಳನ್ನು ತಿರುಗಿಸುತ್ತೇವೆ, ಕೊನೆಗೆ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕುತ್ತೇವೆ. ಇಷ್ಟರಲ್ಲಿ ತೊಂದರೆ ಮಾಯವಾದರೂ ಯಾವುದರಿಂದ ಮಾಯವಾಯಿತೆಂದು ತಿಳಿಯುವುದಿಲ್ಲ. ಅದು ಮರುವಾರ ಮರಳಿ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಾನು ಕಂಡಂತೆ ದುರಸ್ತಿಗೆ ತಗಲುವ ಸಮಯ ಕಡಿಮೆ, ದೋಷವಿರುವ ಜಾಗ ಗೊತ್ತಾಗದೆ ಕಳೆದುಹೋಗುವ ಸಮಯವೇ ಹೆಚ್ಚು. ಆದ್ದರಿಂದ ದೋಷ ಫುಟೇಜ್‌ನಲ್ಲಿದೆಯೋ, ಪ್ರಾಜೆಕ್ಟ್‌ನಲ್ಲಿದೆಯೋ, ಸಾಫ್ಟ್‌ವೇರ್‌ನಲ್ಲಿದೆಯೋ, ಯಂತ್ರದಲ್ಲಿದೆಯೋ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವ ಕ್ರಮವನ್ನೇ ಇಲ್ಲಿ ಮುಖ್ಯವಾಗಿ ವಿವರಿಸಿದ್ದೇನೆ.

ಯಾವುದಕ್ಕೂ ಕೈಹಾಕುವ ಮೊದಲು ಪ್ರಾಜೆಕ್ಟ್ ಕಡತವನ್ನು ಹೊಸ ಹೆಸರಿನಲ್ಲಿ, ಸಾಧ್ಯವಾದರೆ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ತೆರೆಯ ಮೇಲೆ ಬಂದ ದೋಷಸಂದೇಶವನ್ನು ಮುಚ್ಚುವ ಮುನ್ನ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಅದರೊಳಗಿನ ಟೈಮ್‌ಕೋಡ್ (ದೋಷ ಬಂದ ಫ್ರೇಮ್‌ನ ಸಮಯ) ಅಥವಾ ಸಂಖ್ಯೆಯೇ ಮುಂದೆ ದಾರಿ ತೋರಿಸುವುದುಂಟು. ಆಮೇಲೆ ಶಾಂತವಾಗಿ ಕುಳಿತು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದು ಕೊನೆಯ ಬಾರಿ ಸರಿಯಾಗಿ ನಡೆದದ್ದು ಯಾವಾಗ, ಅಲ್ಲಿಂದ ಇಲ್ಲಿಯವರೆಗೆ ಏನೇನು ಬದಲಾಗಿದೆ? ಹೊಸ ಪ್ಲಗಿನ್ (ಸಾಫ್ಟ್‌ವೇರ್‌ಗೆ ಹೊರಗಿನಿಂದ ಸೇರಿಸುವ ಸಾಧನ), ರಾತ್ರೋರಾತ್ರಿ ತಾನಾಗಿಯೇ ಬಂದು ಕೂತ ವಿಂಡೋಸ್ ಅಪ್‌ಡೇಟ್, ಬೇರೆ ಕ್ಯಾಮೆರಾದಿಂದ ಬಂದ ಕ್ಲಿಪ್‌ಗಳು, ಜಾಗ ಬದಲಿಸಿದ ಕೇಬಲ್ ಇವುಗಳಲ್ಲಿ ಒಂದು ಬಹಳ ಸಲ ಆ ಉತ್ತರದಲ್ಲಿಯೇ ಸಿಕ್ಕಿಬೀಳುತ್ತದೆ.

ಪರೀಕ್ಷೆಗೆಂದೇ ಒಂದು ಚಿಕ್ಕ ಪ್ರಾಜೆಕ್ಟ್

ಯಂತ್ರ ಆರೋಗ್ಯವಾಗಿರುವಾಗಲೇ ಒಂದು ಪರೀಕ್ಷಾ ಪ್ರಾಜೆಕ್ಟ್ ಸಿದ್ಧಪಡಿಸಿಟ್ಟುಕೊಳ್ಳುವಂತೆ ಪ್ರತಿಯೊಬ್ಬ ಸಂಕಲನಕಾರರಿಗೂ ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಒಂದು ನಿಮಿಷದ ಪ್ರೊರೆಸ್ ಕ್ಲಿಪ್, ಒಂದು ನಿಮಿಷದ ಎಚ್.264 ಕ್ಲಿಪ್ (ಇವೆರಡು ವಿಡಿಯೊ ಕಡತದ ಬಗೆಗಳು), ಒಂದು ಶೀರ್ಷಿಕೆ, ಸ್ವಲ್ಪ ಬಣ್ಣ ತಿದ್ದುವಿಕೆ ಇಷ್ಟಿದ್ದರೆ ಸಾಕು. ಅದನ್ನು ಎಕ್ಸ್‌ಪೋರ್ಟ್ ಮಾಡಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಡಿ. ಮುಂದೆ ತೊಂದರೆ ಬಂದ ದಿನ ಇದೇ ಪ್ರಾಜೆಕ್ಟ್ ತೆರೆದಾಗ ಅದು ಮೊದಲಿನ ವೇಗದಲ್ಲಿಯೇ ಓಡಿದರೆ ಯಂತ್ರ ಮತ್ತು ಸಾಫ್ಟ್‌ವೇರ್ ಬಹುಮಟ್ಟಿಗೆ ನಿರ್ದೋಷಿಗಳು. ನಿಮ್ಮ ಅನುಮಾನ ಈಗಿನ ಪ್ರಾಜೆಕ್ಟ್ ಮತ್ತು ಅದರ ಫುಟೇಜ್ ಕಡೆಗೆ ತಿರುಗಬೇಕು. ಅದೂ ಕುಂಟಿದರೆ ಪ್ರಾಜೆಕ್ಟನ್ನು ಬಿಟ್ಟು ಯಂತ್ರದ ಕಡೆ ನೋಡಬೇಕು. ಐದು ನಿಮಿಷದ ಈ ಪರೀಕ್ಷೆ ಹುಡುಕಾಟದ ಕ್ಷೇತ್ರವನ್ನು ಅರ್ಧಕ್ಕೆ ಇಳಿಸುತ್ತದೆ.

ಹೀಗೆ ಅರ್ಧಕ್ಕೆ ಇಳಿಸುತ್ತ ಹೋಗುವ ವಿಧಾನ ಟೈಮ್‌ಲೈನ್‌ಗೂ (ಕ್ಲಿಪ್‌ಗಳನ್ನು ಕ್ರಮವಾಗಿ ಜೋಡಿಸಿದ ಪಟ್ಟಿ) ಅಷ್ಟೇ ಚೆನ್ನಾಗಿ ಅನ್ವಯಿಸುತ್ತದೆ. ನಲವತ್ತು ನಿಮಿಷದ ಟೈಮ್‌ಲೈನ್ ಎಕ್ಸ್‌ಪೋರ್ಟ್ ಆಗುತ್ತಿಲ್ಲ, ದೋಷಸಂದೇಶದಲ್ಲಿ ಟೈಮ್‌ಕೋಡ್ ಕೂಡ ಇಲ್ಲ ಎಂದುಕೊಳ್ಳಿ. ಮೊದಲ ಇಪ್ಪತ್ತು ನಿಮಿಷಕ್ಕೆ ಇನ್ ಮತ್ತು ಔಟ್ ಗುರುತು ಹಾಕಿ ಎಕ್ಸ್‌ಪೋರ್ಟ್ ಮಾಡಿ. ಅದು ಸರಾಗವಾಗಿ ಮುಗಿದರೆ ದೋಷ ಉಳಿದರ್ಧದಲ್ಲಿದೆ. ಅದನ್ನು ಮತ್ತೆ ಹತ್ತು ಹತ್ತು ನಿಮಿಷವಾಗಿ ಒಡೆಯಿರಿ. ಆರು ಸಲ ಹೀಗೆ ಒಡೆದರೆ ನಲವತ್ತು ನಿಮಿಷ ಸುಮಾರು 38 ಸೆಕೆಂಡಿಗೆ ಇಳಿಯುತ್ತದೆ, ಅಷ್ಟರೊಳಗೆ ಇರುವುದು ಬೆರಳೆಣಿಕೆಯ ಕ್ಲಿಪ್‌ಗಳು. ಅವುಗಳ ಎಫೆಕ್ಟ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿದರೆ ಕಳ್ಳ ಸಿಕ್ಕುತ್ತಾನೆ. ಒಂದಕ್ಕಿಂತ ಹೆಚ್ಚು ಕಡೆ ದೋಷವಿದ್ದರೆ ಎರಡೂ ಅರ್ಧಗಳು ಸೋಲಬಹುದು. ಆಗ ಸಾಮಾನ್ಯವಾಗಿ ಎರಡು ಕಡೆಯೂ ಬಳಸಿರುವ ಒಂದೇ ಪ್ಲಗಿನ್, ಒಂದೇ ಫಾಂಟ್ ಅಥವಾ ಒಂದೇ ಕ್ಯಾಮೆರಾದ ಕಡತ ಕಾರಣವಾಗಿರುತ್ತದೆ.

ಪ್ಲೇಬ್ಯಾಕ್ ತಡವರಿಸಿದಾಗ

ಹೆಚ್ಚು ಜನ ತಲೆಕೆಡಿಸಿಕೊಳ್ಳುವ ತೊಂದರೆ ಇದು, ಹೆಚ್ಚು ತಪ್ಪು ತೀರ್ಮಾನಗಳಾಗುವುದೂ ಇಲ್ಲಿಯೇ. ಚಿತ್ರ ತಡೆದು ತಡೆದು ಓಡಿದೊಡನೆ ಗ್ರಾಫಿಕ್ಸ್ ಕಾರ್ಡ್ ಸಾಲದು ಎಂದು ತೀರ್ಮಾನಿಸಿ ಹೊಸದನ್ನು ಕೊಂಡವರಿದ್ದಾರೆ. ಖರ್ಚಿಗೆ ಮುನ್ನ ಟೈಮ್‌ಲೈನ್ ಓಡಿಸುತ್ತಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಅಥವಾ ಮ್ಯಾಕ್‌ನ ಆ್ಯಕ್ಟಿವಿಟಿ ಮಾನಿಟರ್ ತೆರೆದು ನೋಡಿ. ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದ್ದು, ಟಾಸ್ಕ್ ಮ್ಯಾನೇಜರ್‌ನ ಗ್ರಾಫಿಕ್ಸ್ ಭಾಗದಲ್ಲಿ ವಿಡಿಯೊ ಡಿಕೋಡ್ ರೇಖೆ ನೆಲಕಚ್ಚಿದ್ದರೆ ತೊಂದರೆ ಕೋಡೆಕ್‌ನದು, ಅಂದರೆ ವಿಡಿಯೊವನ್ನು ಕುಗ್ಗಿಸಿ ಬಿಡಿಸುವ ವಿಧಾನದ್ದು. ಡಿಸ್ಕ್ ನೂರಕ್ಕೆ ಮುಟ್ಟಿದ್ದು ಉಳಿದದ್ದೆಲ್ಲ ಆರಾಮವಾಗಿದ್ದರೆ ತೊಂದರೆ ಡಿಸ್ಕ್‌ನದು. ಗ್ರಾಫಿಕ್ಸ್ ಮೆಮೊರಿ ತುಂಬಿದ್ದರೆ ಎಫೆಕ್ಟ್‌ಗಳ ಹೊರೆ ಹೆಚ್ಚಾಗಿದೆ. ಯಾವುದೂ ದುಡಿಯದೆ ಎಲ್ಲವೂ ಕೆಳಗಿದ್ದರೂ ಚಿತ್ರ ತಡವರಿಸುತ್ತಿದ್ದರೆ, ಯಂತ್ರ ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ಅದು ಕೇಬಲ್ ಆಗಿರಬಹುದು, ನೆಟ್‌ವರ್ಕ್ ಆಗಿರಬಹುದು, ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಓಡುವ ಹಳೆಯ ಪ್ಲಗಿನ್ ಆಗಿರಬಹುದು.

ಕೋಡೆಕ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಚ್.264 ಮತ್ತು ಎಚ್.265 ಕಡತಗಳಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮ್ ಪೂರ್ಣ ಚಿತ್ರವಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಇದ್ದು, ನಡುವಿನವು ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ನೀವು ಒಂದು ಫ್ರೇಮ್ ಹಿಂದಕ್ಕೆ ಹೋಗಬೇಕೆಂದರೆ ಯಂತ್ರ ಹಿಂದಿನ ಪೂರ್ಣ ಫ್ರೇಮ್‌ವರೆಗೆ ಹೋಗಿ ಅಲ್ಲಿಂದ ಮತ್ತೆ ಲೆಕ್ಕಹಾಕುತ್ತ ಬರಬೇಕು. ನೇರವಾಗಿ ಓಡಿಸಿದರೆ ಸರಿಯಾಗಿದ್ದು ಹಿಂದೆಮುಂದೆ ಎಳೆದರೆ ಮಾತ್ರ ತಡವರಿಸುವ ಕ್ಲಿಪ್‌ಗಳ ಗುಟ್ಟು ಇದೇ. ಪ್ರೊರೆಸ್ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಕಡತಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಅವು ಪ್ರೊಸೆಸರ್‌ಗೆ ಹಗುರ, ಡಿಸ್ಕ್‌ಗೆ ಭಾರ. ಕ್ಯಾಮೆರಾದ ಎಚ್.264 ಅಥವಾ ಎಚ್.265 ಕಡತ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ ಬಗೆ) ಆಗಿದ್ದರೆ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಬಹುಕಾಲ ಅನೇಕ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಈ ಬಗೆಯನ್ನು ಬಿಡಿಸುವ ಯಂತ್ರಾಂಶವೇ ಇರಲಿಲ್ಲ. ಎನ್‌ವಿಡಿಯಾ ಅದನ್ನು ತನ್ನ ಸಾಮಾನ್ಯ ಕಾರ್ಡ್‌ಗಳಲ್ಲಿ ತಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹೀಗಾಗಿ ದುಬಾರಿ ಹಳೆಯ ಕಾರ್ಡ್ ಇರುವ ಡೆಸ್ಕ್‌ಟಾಪ್ ಸೋತ ಎಚ್.265 ಕ್ಲಿಪ್ಪನ್ನು ಇಂಟೆಲ್‌ನ ಒಳಗ್ರಾಫಿಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಲೀಸಾಗಿ ಓಡಿಸಿಬಿಡಬಹುದು. ಕ್ಲಿಪ್ ಯಾವ ಬಗೆಯದೆಂದು ಮೀಡಿಯಾಇನ್ಫೊ ಎಂಬ ಉಚಿತ ಸಾಧನ ಒಂದೇ ನೋಟದಲ್ಲಿ ತೋರಿಸುತ್ತದೆ. ಪರಿಹಾರ ಪ್ರಾಕ್ಸಿ: ಅದೇ ಹೆಸರಿನ, ಕಡಿಮೆ ಅಳತೆಯ ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಪ್ರತಿಗಳನ್ನು ಮಾಡಿ, ಅವುಗಳ ಮೇಲೆ ಸಂಕಲಿಸಿ, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲಕ್ಕೆ ಮರಳುವುದು. ಪ್ರಾಕ್ಸಿ ಬಳಸುವುದನ್ನು ಕೆಲವರು ಬಡ ಯಂತ್ರದವರ ಪಾಡು ಎಂದು ಭಾವಿಸುತ್ತಾರೆ. ಅದು ತಪ್ಪು ತಿಳಿವಳಿಕೆ, ಕ್ಯಾಮೆರಾದ ಕೋಡೆಕ್ ಚಿತ್ರೀಕರಣಕ್ಕೆಂದು ಆದದ್ದೇ ಹೊರತು ಸಂಕಲನಕ್ಕೆಂದಲ್ಲ.

ಡಿಸ್ಕ್ ಲೆಕ್ಕವನ್ನು ಕಾಗದದ ಮೇಲೆಯೇ ಹಾಕಬಹುದು. ಸೆಕೆಂಡಿಗೆ 25 ಫ್ರೇಮ್‌ನ 3840×2160 ಪ್ರೊರೆಸ್ 422 ಕಡತದ ದರ ಸುಮಾರು 492 ಮೆಗಾಬಿಟ್, ಅಂದರೆ ಸೆಕೆಂಡಿಗೆ 61 ಮೆಗಾಬೈಟ್‌ಗಿಂತ ಸ್ವಲ್ಪ ಹೆಚ್ಚು. ಮೂರು ಕ್ಯಾಮೆರಾಗಳ ಮಲ್ಟಿಕ್ಯಾಮ್ ಓಡಿಸಿದರೆ 185 ಮೆಗಾಬೈಟ್ ಬೇಕು. ತಿರುಗುವ ಹಾರ್ಡ್ ಡಿಸ್ಕ್ ಒಂದರ ಅತ್ಯುತ್ತಮ ವೇಗವೇ ಹೆಚ್ಚುಕಡಿಮೆ ಅಷ್ಟು. ಮೂರು ಕಡತಗಳ ನಡುವೆ ಅದರ ಮುಳ್ಳು ಅತ್ತಿತ್ತ ಓಡಾಡಬೇಕಾದ್ದರಿಂದ ನಿಜವಾಗಿ ಸಿಗುವುದು ಇನ್ನೂ ಕಡಿಮೆ. ಗಿಗಾಬಿಟ್ ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಓದುತ್ತಿದ್ದರೆ ಸುಮಾರು 110 ಮೆಗಾಬೈಟ್‌ಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಸೇಟಾ ಎಸ್‌ಎಸ್‌ಡಿ ಸುಮಾರು 550 ಮೆಗಾಬೈಟ್ ಕೊಡುತ್ತದೆ, ಎನ್‌ವಿಎಂಇ ಅದರ ಹಲವು ಪಟ್ಟು.

ಇಲ್ಲಿ ನನ್ನದೇ ಒಂದು ಪ್ರಸಂಗವನ್ನು ಹೇಳಿದರೆ ವಿಷಯ ಹೆಚ್ಚು ಸ್ಪಷ್ಟವಾದೀತು. ಎರಡು ಕ್ಯಾಮೆರಾಗಳ ಸಂದರ್ಶನವೊಂದು ಹೊರಗಿನ ಎಸ್‌ಎಸ್‌ಡಿಯಿಂದ ಹಿಂದಿನ ದಿನದವರೆಗೆ ನೀರಿನಂತೆ ಓಡುತ್ತಿದ್ದದ್ದು, ಒಂದು ಬೆಳಿಗ್ಗೆ ಎರಡು ಸೆಕೆಂಡಿಗೊಮ್ಮೆ ನಿಲ್ಲತೊಡಗಿತು. ಕ್ಯಾಶ್ ಅಳಿಸಿದೆ, ಡ್ರೈವರ್ ಹಳೆಯದಕ್ಕೆ ಮರಳಿಸಿದೆ, ಸಾಫ್ಟ್‌ವೇರ್ ಮರುಸ್ಥಾಪಿಸಿದೆ. ಒಂದೂವರೆ ದಿನ ಹೋಯಿತು. ಕೊನೆಗೆ ಡಿಸ್ಕ್ ವೇಗ ಅಳೆದಾಗ ಓದುವ ವೇಗ ಸೆಕೆಂಡಿಗೆ 38 ಮೆಗಾಬೈಟ್ ಎಂದು ಬಂತು. ಆ ಅಂಕಿಯನ್ನು ಕಂಡೊಡನೆ ಉತ್ತರ ಹೊಳೆಯಿತು, ಏಕೆಂದರೆ ಮೂವತ್ತರಿಂದ ನಲವತ್ತು ಮೆಗಾಬೈಟ್ ಎಂಬುದು ಯುಎಸ್‌ಬಿ 2.0ರ ಸಹಿ. ಹಿಂದಿನ ಸಂಜೆ ಮೇಜು ಒರೆಸುವಾಗ ಕೇಬಲ್‌ಗಳು ಅದಲುಬದಲಾಗಿ, ಡಿಸ್ಕ್‌ನದ್ದು ಚೀಲ ಸೇರಿ, ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಸಿ ಕೇಬಲ್ ಡಿಸ್ಕ್‌ಗೆ ಬಂದಿತ್ತು. ಎರಡರ ತುದಿಯೂ ಒಂದೇ ಆಕಾರ, ಬಣ್ಣವೂ ಒಂದೇ. ಆದರೆ ಬಹಳಷ್ಟು ಚಾರ್ಜಿಂಗ್ ಕೇಬಲ್‌ಗಳು ದತ್ತಾಂಶವನ್ನು ಯುಎಸ್‌ಬಿ 2.0ರ ವೇಗದಲ್ಲಷ್ಟೇ ಸಾಗಿಸುತ್ತವೆ. ಅಂದಿನಿಂದ ಡಿಸ್ಕ್ ಕೇಬಲ್‌ಗಳ ಕುತ್ತಿಗೆಗೆ ಕೆಂಪು ಟೇಪ್ ಸುತ್ತಿದ್ದೇನೆ, ಮತ್ತು ಪ್ಲೇಬ್ಯಾಕ್ ತೊಂದರೆ ಬಂದಾಗ ಮೊದಲು ಅಳೆಯುವುದು ಡಿಸ್ಕ್ ವೇಗವನ್ನೇ. ಬ್ಲ್ಯಾಕ್‌ಮ್ಯಾಜಿಕ್ ಡಿಸ್ಕ್ ಸ್ಪೀಡ್ ಟೆಸ್ಟ್ ಅಥವಾ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ಗೆ ಎರಡು ನಿಮಿಷ ಸಾಕು.

ದನಿ ಮತ್ತು ತುಟಿಯ ಹೊಂದಾಣಿಕೆ ತಪ್ಪಿದರೆ ಮೊದಲು ಕೇಳಬೇಕಾದ ಪ್ರಶ್ನೆ ಅಂತರ ಬೆಳೆಯುತ್ತಿದೆಯೇ ಎಂಬುದು. ಆರಂಭದಿಂದ ಕೊನೆಯವರೆಗೂ ಒಂದೇ ಅಂತರವಿದ್ದರೆ ಅದು ಬ್ಲೂಟೂತ್ ಹೆಡ್‌ಫೋನಿನ ವಿಳಂಬವೋ, ಕ್ಲಿಪ್ ಸರಿದದ್ದೋ ಆಗಿರುತ್ತದೆ. ಅಂತರ ನಿಮಿಷ ನಿಮಿಷಕ್ಕೂ ಹಿಗ್ಗುತ್ತಿದ್ದರೆ ದರಗಳು ತಾಳೆಯಾಗುತ್ತಿಲ್ಲ. 23.976 ಫ್ರೇಮ್‌ನ ಚಿತ್ರವನ್ನು 24 ಎಂದು ಓದಿದರೆ ಒಂದು ಗಂಟೆಗೆ 3.6 ಸೆಕೆಂಡಿನಷ್ಟು ವ್ಯತ್ಯಾಸ ಬರುತ್ತದೆ. 48,000 ಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು 44,100 ಎಂದು ಓದಿದರೆ ದನಿ ಶೇ. 8ರಷ್ಟು ನಿಧಾನವಾಗಿ, ಗಡುಸಾಗಿ ಕೇಳುತ್ತದೆ, ಅದನ್ನು ಕಿವಿಯೇ ಹಿಡಿದುಬಿಡುತ್ತದೆ. ಫೋನಿನಲ್ಲಿ ಚಿತ್ರಿಸಿದ್ದು ಅಥವಾ ತೆರೆಯನ್ನು ರೆಕಾರ್ಡ್ ಮಾಡಿದ್ದಾದರೆ ಮೀಡಿಯಾಇನ್ಫೊದಲ್ಲಿ ಫ್ರೇಮ್ ದರದ ಸಾಲು ನೋಡಿ. ಅಲ್ಲಿ ವೇರಿಯಬಲ್ ಎಂದಿದ್ದರೆ ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಾಯಿಸಿ, ಆಮೇಲೆಯೇ ಟೈಮ್‌ಲೈನ್‌ಗೆ ತನ್ನಿ. ಸಂಕಲನ ಅರ್ಧ ಮುಗಿದ ಮೇಲೆ ಇದನ್ನು ಮಾಡಹೊರಟರೆ ಪ್ರತಿ ಕಟ್ಟನ್ನೂ ಮತ್ತೆ ನೋಡಬೇಕಾದೀತು.

ಸಾಫ್ಟ್‌ವೇರ್ ಮುಚ್ಚಿಕೊಂಡರೆ, ಎಕ್ಸ್‌ಪೋರ್ಟ್ ಸೋತರೆ

ಇಲ್ಲಿ ಹಾನಿ ಕಡಿಮೆಯಿರುವ ಹೆಜ್ಜೆಯಿಂದ ಹೆಚ್ಚಿರುವ ಹೆಜ್ಜೆಗೆ ಹೋಗಬೇಕು, ಪ್ರತಿ ಹೆಜ್ಜೆಯ ನಂತರ ಅದೇ ಕೆಲಸವನ್ನು ಮತ್ತೆ ಮಾಡಿ ನೋಡಬೇಕು. ಮೊದಲನೆಯದು ಪ್ರಾಜೆಕ್ಟ್ ಬದಲಾಯಿಸುವುದು: ಖಾಲಿ ಹೊಸ ಪ್ರಾಜೆಕ್ಟ್ ತೆರೆದು, ಹಳೆಯದರ ಟೈಮ್‌ಲೈನನ್ನು ಅದರೊಳಗೆ ಇಂಪೋರ್ಟ್ ಮಾಡಿ. ಪ್ರಾಜೆಕ್ಟ್ ಕಡತದೊಳಗೆ ಎಲ್ಲೋ ಕೆಟ್ಟ ದಾಖಲೆ ಕೂತಿದ್ದರೆ ಎಷ್ಟೋ ಸಲ ಅದು ಹಿಂದೆಯೇ ಉಳಿಯುತ್ತದೆ. ನಂತರ ಕ್ಯಾಶ್. ಪ್ರೀಮಿಯರ್ ಎಂಬ ಸಂಕಲನ ಸಾಫ್ಟ್‌ವೇರ್‌ನ ಮೀಡಿಯಾ ಕ್ಯಾಶ್ ಅಳಿಸಿದರೆ ಅದು ಮತ್ತೆ ತಾನಾಗಿ ಹುಟ್ಟುತ್ತದೆ, ಮೂಲ ಫುಟೇಜ್‌ಗೆ ಧಕ್ಕೆಯಿಲ್ಲ. ದನಿಯ ಅಲೆಚಿತ್ರ ಅರ್ಧಕ್ಕೇ ನಿಲ್ಲುವುದು, ಕ್ಲಿಪ್‌ನ ದನಿ ಇಲ್ಲದಂತಾಗುವುದು ಮುಂತಾದವು ಇದರಿಂದಲೇ ಸರಿಹೋಗುವುದುಂಟು. ಅವಿಡ್ ಎಂಬ ಇನ್ನೊಂದು ಸಂಕಲನ ಸಾಫ್ಟ್‌ವೇರ್‌ನಲ್ಲಿ ಮೀಡಿಯಾ ಕಾಣೆಯಾದಂತೆ ತೋರಿದರೆ, ಸಾಫ್ಟ್‌ವೇರ್ ಮುಚ್ಚಿ, ಮೀಡಿಯಾ ಫೋಲ್ಡರ್‌ನ ಎರಡು ಡೇಟಾಬೇಸ್ ಕಡತಗಳನ್ನು ತೆಗೆದುಹಾಕಿ ಮತ್ತೆ ತೆರೆದರೆ ಅದು ಹೊಸದಾಗಿ ಪಟ್ಟಿ ಮಾಡಿಕೊಳ್ಳುತ್ತದೆ. ಆ ಎರಡರ ವಿಸ್ತರಣೆ ಎಂಡಿಬಿ ಮತ್ತು ಪಿಎಂಆರ್, ಅವನ್ನು ಬಿಟ್ಟು ಎಂಎಕ್ಸ್‌ಎಫ್ ಕಡತಗಳನ್ನು ಮುಟ್ಟಬಾರದು.

ಅದೂ ಫಲ ಕೊಡದಿದ್ದರೆ ಪ್ರಿಫರೆನ್ಸ್‌ಗಳನ್ನು ಮೊದಲ ಸ್ಥಿತಿಗೆ ತರಬೇಕು. ಪ್ರೀಮಿಯರ್ ತೆರೆಯುವಾಗ ವಿಂಡೋಸ್‌ನಲ್ಲಿ ಆಲ್ಟ್, ಮ್ಯಾಕ್‌ನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಫೈನಲ್ ಕಟ್ ಪ್ರೊಗೆ ಆಪ್ಷನ್ ಮತ್ತು ಕಮಾಂಡ್ ಎರಡನ್ನೂ ಹಿಡಿಯಬೇಕು. ನಿಮ್ಮ ಕೀಬೋರ್ಡ್ ಶಾರ್ಟ್‌ಕಟ್ ಮತ್ತು ಕಾರ್ಯಕ್ಷೇತ್ರದ ವಿನ್ಯಾಸವನ್ನು ಮುಂಚೆಯೇ ನಕಲು ಮಾಡಿಟ್ಟುಕೊಂಡಿದ್ದರೆ ಇದರಿಂದ ನಷ್ಟವಿಲ್ಲ. ಬಳಿಕ ಪ್ಲಗಿನ್‌ಗಳು: ಹೊರಗಿನ ಪ್ಲಗಿನ್ ಫೋಲ್ಡರ್‌ನ ಹೆಸರು ಬದಲಿಸಿ ಸಾಫ್ಟ್‌ವೇರ್ ತೆರೆಯಿರಿ. ತೊಂದರೆ ಹೋದರೆ ಪ್ಲಗಿನ್‌ಗಳನ್ನು ಅರ್ಧರ್ಧವಾಗಿ ಮರಳಿಸುತ್ತ ಬನ್ನಿ. ಸಾಫ್ಟ್‌ವೇರ್ ತೆರೆಯುವ ಹೊತ್ತಿಗೇ ಸ್ತಬ್ಧವಾಗುತ್ತಿದ್ದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಸಾಧನವನ್ನು ಯಾವುದೂ ಇಲ್ಲ ಎಂದು ಇಟ್ಟು ನೋಡಿ. ಕಿತ್ತುಹಾಕಿದ ಮೈಕ್‌ಗಾಗಿ ಸಾಫ್ಟ್‌ವೇರ್ ಹುಡುಕುತ್ತ ನಿಲ್ಲುವುದು ಯಾರೂ ಊಹಿಸದ, ಆದರೆ ಪದೇಪದೇ ಕಾಣುವ ಕಾರಣ.

ಗ್ರಾಫಿಕ್ಸ್ ಕಾರ್ಡ್ ಮೇಲೆ ಸಂಶಯವಿದ್ದರೆ ಊಹಿಸಬೇಕಾಗಿಲ್ಲ. ಪ್ರೀಮಿಯರ್‌ನ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಮರ್ಕ್ಯುರಿ ಎಂಜಿನ್ನನ್ನು ಸಾಫ್ಟ್‌ವೇರ್ ಓನ್ಲಿಗೆ (ಗ್ರಾಫಿಕ್ಸ್ ಕಾರ್ಡ್ ಬಳಸದ ಆಯ್ಕೆ) ಬದಲಿಸಿ, ದೋಷ ಬರುತ್ತಿದ್ದ ಭಾಗವನ್ನಷ್ಟೇ ಎಕ್ಸ್‌ಪೋರ್ಟ್ ಮಾಡಿ. ನಿಧಾನವಾಗಿಯಾದರೂ ಮುಗಿದರೆ ದೋಷ ಕಾರ್ಡ್, ಅದರ ಡ್ರೈವರ್ ಅಥವಾ ಅದರ ಮೆಮೊರಿಗೆ ಸಂಬಂಧಿಸಿದ್ದು. ಅದಕ್ಕೆ ಜೊತೆಯಾಗಿ, ಎಚ್.264ಕ್ಕೆ ನೇರವಾಗಿ ಹೋಗುವ ಬದಲು ಮೊದಲು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಎಕ್ಸ್‌ಪೋರ್ಟ್ ಮಾಡಿ ನೋಡುವುದು ನನಗೆ ಬಹಳ ಪ್ರಿಯವಾದ ಪರೀಕ್ಷೆ. ಅದು ಯಶಸ್ವಿಯಾದರೆ ಟೈಮ್‌ಲೈನ್ ನಿರ್ದೋಷಿ, ಎನ್‌ಕೋಡರ್ ದೋಷಿ. ಜೊತೆಗೆ ಕೈಯಲ್ಲಿ ಒಂದು ಗಟ್ಟಿ ಮಾಸ್ಟರ್ ಇರುತ್ತದೆ, ಅದರಿಂದ ಯಾವ ಸಾಧನದಲ್ಲಾದರೂ ಎಚ್.264 ತೆಗೆದು ಆ ದಿನದ ಗಡುವನ್ನು ಉಳಿಸಿಕೊಳ್ಳಬಹುದು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ಸಾಫ್ಟ್‌ವೇರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಮೆಮೊರಿ ತುಂಬಿದೆ ಎಂಬ ಸಂದೇಶ ಬಂದರೆ ಮೊದಲು ಅನುಮಾನಿಸಬೇಕಾದ್ದು ಟೆಂಪೊರಲ್ ನಾಯ್ಸ್ ರಿಡಕ್ಷನ್ ಮತ್ತು ಮ್ಯಾಜಿಕ್ ಮಾಸ್ಕ್‌ನಂಥ ಭಾರದ ಎಫೆಕ್ಟ್‌ಗಳನ್ನು. ಅವುಗಳಿರುವ ಕ್ಲಿಪ್‌ಗಳನ್ನು ಮೊದಲೇ ರೆಂಡರ್ ಮಾಡಿ ಬೇರೆ ಕ್ಲಿಪ್ಪಾಗಿ ಕೂರಿಸಿದರೆ ಸಾಮಾನ್ಯವಾಗಿ ಹೊಸ ಕಾರ್ಡಿನ ಅಗತ್ಯ ಬೀಳುವುದಿಲ್ಲ.

ಡ್ರೈವರ್ ಬದಲಿಸುವುದಾದರೆ ಆಟಗಳಿಗೆಂದು ಬರುವುದರ ಬದಲು ಎನ್‌ವಿಡಿಯಾದ ಸ್ಟುಡಿಯೊ ಡ್ರೈವರ್ ಆಯ್ದುಕೊಳ್ಳಿ, ಮತ್ತು ಹಳೆಯದನ್ನು ಡಿಡಿಯು ಎಂಬ ಸಾಧನದಿಂದ ಸೇಫ್ ಮೋಡ್‌ನಲ್ಲಿ ಸಂಪೂರ್ಣ ತೆಗೆದ ಮೇಲೆ ಹಾಕಿ. ಹೊಸದೇ ಉತ್ತಮ ಎಂಬ ನಿಯಮವಿಲ್ಲ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಮರಳುವುದೇ ಸರಿಯಾದ ಚಿಕಿತ್ಸೆ. ಒಂದು ಕೆಲಸ ನಡೆಯುತ್ತಿರುವಾಗ ಸಂಕಲನ ಸಾಫ್ಟ್‌ವೇರ್‌ನ ಆವೃತ್ತಿಯನ್ನು ಮೇಲೇರಿಸಲೇಬಾರದೆಂಬುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ, ಏಕೆಂದರೆ ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯದಿರಬಹುದು. ಅನಿವಾರ್ಯವಾದರೆ, ರಿಸಾಲ್ವ್‌ನಲ್ಲಿ ಡೇಟಾಬೇಸ್ ಮೇಲೇರುವ ಮುನ್ನ ಅದರ ಬ್ಯಾಕಪ್ ತೆಗೆದು, ಪ್ರತಿ ಪ್ರಾಜೆಕ್ಟನ್ನೂ ಡಿಆರ್‌ಪಿ ಕಡತವಾಗಿ ಹೊರತೆಗೆದಿಟ್ಟುಕೊಳ್ಳಬೇಕು.

ಇಡೀ ಕಂಪ್ಯೂಟರೇ ಆರಿಹೋದರೆ

ಸಾಫ್ಟ್‌ವೇರ್ ಮಾತ್ರ ಮುಚ್ಚಿಕೊಳ್ಳುವುದು ಒಂದು ಮಾತು, ಯಂತ್ರವೇ ಆರಿಹೋಗುವುದು ಬೇರೆ ಮಾತು. ಎರಡನೆಯದರಲ್ಲಿ ಸಂಕಲನ ಸಾಫ್ಟ್‌ವೇರ್ ಕಾರಣವಾಗಿರುವುದು ವಿರಳ. ಅದು ಯಂತ್ರದ ಎಲ್ಲ ಅಂಗಗಳನ್ನೂ ಏಕಕಾಲಕ್ಕೆ ದುಡಿಸಿ, ಇದ್ದ ದೌರ್ಬಲ್ಯವನ್ನು ಬಯಲಿಗೆ ತರುತ್ತದೆ ಅಷ್ಟೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಆ ಸಮಯದ ದಾಖಲೆಗಳನ್ನು ಓದಿ. ಕರ್ನಲ್-ಪವರ್ 41 ಎಂಬ ದಾಖಲೆ ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳಲಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಇದನ್ನು ಕಂಡೊಡನೆ ಪವರ್ ಸಪ್ಲೈ ಬದಲಾಯಿಸಲು ಓಡಬೇಡಿ. ಅದರ ಹತ್ತಿರದಲ್ಲಿ ಡಬ್ಲ್ಯುಎಚ್‌ಇಎ ಹೆಸರಿನ ದಾಖಲೆಯಿದ್ದರೆ ಯಂತ್ರಾಂಶ ತಾನೇ ದೋಷ ವರದಿ ಮಾಡಿದೆ ಎಂದರ್ಥ. 4101 ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಸಕಾಲಕ್ಕೆ ಉತ್ತರಿಸದೆ ವಿಂಡೋಸ್ ಅದನ್ನು ಮರುಪ್ರಾರಂಭಿಸಿದೆ. ಇದಕ್ಕೆ ವಿಂಡೋಸ್ ಕಾಯುವ ಮೂಲ ಅವಧಿ ಎರಡೇ ಸೆಕೆಂಡು. ಮ್ಯಾಕ್‌ನಲ್ಲಿ ಕನ್ಸೋಲ್ ಆ್ಯಪ್‌ನ ಕ್ರ್ಯಾಶ್ ವರದಿಗಳು ಇದೇ ಕೆಲಸ ಮಾಡುತ್ತವೆ, ಮತ್ತು ವರದಿಯಲ್ಲಿ ಕ್ರ್ಯಾಶ್ ಆದ ಥ್ರೆಡ್‌ನ ಮೊದಲ ಕೆಲವು ಸಾಲುಗಳಲ್ಲಿ ಪ್ಲಗಿನ್‌ನ ಹೆಸರೇ ಕಾಣಿಸಬಹುದು.

ಬಿಸಿಯನ್ನು ಪತ್ತೆಹಚ್ಚುವ ಸರಳ ದಾರಿಯೆಂದರೆ ಪರೀಕ್ಷಾ ಪ್ರಾಜೆಕ್ಟನ್ನು ಬಿಡುವಿಲ್ಲದೆ ಐದಾರು ಸಲ ಎಕ್ಸ್‌ಪೋರ್ಟ್ ಮಾಡುವುದು. ಮೊದಲನೆಯದಕ್ಕಿಂತ ಕೊನೆಯದು ಗಣನೀಯವಾಗಿ ಹೆಚ್ಚು ಹೊತ್ತು ಹಿಡಿದರೆ ಯಂತ್ರ ಬಿಸಿಗೆ ಹೆದರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದೆ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೊ ಸಾಧನದಲ್ಲಿ ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರುವುದನ್ನೂ ಕಾಣುವಿರಿ. ಫ್ಯಾನ್ ಮತ್ತು ಜಾಲರಿಗಳ ಧೂಳು ತೆಗೆಯುವುದು ಮೊದಲ ಕೆಲಸ, ಹಲವು ವರ್ಷ ಹಳೆಯ ಯಂತ್ರವಾದರೆ ಥರ್ಮಲ್ ಪೇಸ್ಟ್ ಬದಲಿಸುವುದು ಎರಡನೆಯದು. ಲ್ಯಾಪ್‌ಟಾಪ್‌ಗಳಲ್ಲಿ ಕಡಿಮೆ ವ್ಯಾಟ್‌ನ ಚಾರ್ಜರ್ ಚುಚ್ಚಿದ್ದರೂ ಇಂಥದೇ ನಿಧಾನ ಕಾಣುತ್ತದೆ.

ಕ್ರ್ಯಾಶ್‌ಗಳು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ಪ್ರತಿ ಸಲ ಬೇರೆ ಬೇರೆ ಸಂದೇಶದೊಡನೆ ಬರುತ್ತಿದ್ದರೆ ಮೆಮೊರಿಯನ್ನು ಪರೀಕ್ಷಿಸಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ. ಮೆಮೊರಿ ಹಲಗೆಯನ್ನು ಬದಲಿಸುವ ಮುನ್ನ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯ ವೇಗ ಏರಿಸುವ ಸೆಟ್ಟಿಂಗ್‌ಗಳು) ಆಫ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ, ಏಕೆಂದರೆ ಅತಿವೇಗದ ಸೆಟ್ಟಿಂಗೇ ದೋಷಕ್ಕೆ ಕಾರಣವಾಗಿರಬಹುದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಬಳಸುವವರು ಬಯೋಸ್ ಹೊಸದಾಗಿದೆಯೇ ಎಂದು ತಪ್ಪದೆ ನೋಡಬೇಕು: ಅವುಗಳಲ್ಲಿ ಹಲವಕ್ಕೆ ಅಧಿಕ ವೋಲ್ಟೇಜ್‌ನಿಂದ ಅಸ್ಥಿರತೆ ಬರುತ್ತಿದ್ದುದನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ ತಿದ್ದುಪಡಿ ಬಿಡುಗಡೆ ಮಾಡಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುವುದೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸದು.

ಡಿಸ್ಕ್ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುತ್ತದೆ. ಕೆಟ್ಟವುಗಳ ಬದಲಿಗೆ ಇಟ್ಟ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ತುಣುಕುಗಳು) ಎಣಿಕೆ ಅಥವಾ ಓದಲಾಗದೆ ಬಾಕಿಯಿರುವ ಸೆಕ್ಟರ್‌ಗಳ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದೇ ದಿನ ಅದರಲ್ಲಿರುವುದನ್ನು ಬೇರೆಡೆಗೆ ಸಾಗಿಸಿ. ಸಿಆರ್‌ಸಿ ದೋಷದ (ದತ್ತಾಂಶ ಸಾಗುವಾಗ ಕೆಡುವುದು) ಎಣಿಕೆ ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿರಬಹುದು, ಕೇಬಲ್ ಕೆಟ್ಟಿರಬಹುದು.

ಬಣ್ಣ ಮತ್ತು ಅಕ್ಷರ

ಎಕ್ಸ್‌ಪೋರ್ಟ್ ಆದ ಕಡತ ಸಂಕಲನದ ತೆರೆಗಿಂತ ಮಂಕಾಗಿ ಕಂಡರೆ, ಬಣ್ಣ ತಿದ್ದಲು ಹೊರಡುವ ಮೊದಲು ಆ ಕಡತವನ್ನೇ ಮರಳಿ ಟೈಮ್‌ಲೈನ್‌ಗೆ ತಂದು ಮೇಲಿನ ಪದರದಲ್ಲಿ ಇಟ್ಟು, ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ಬದಲಿಸಿ. ತೆರೆ ಬಹುಪಾಲು ಕಪ್ಪಾಗಿ ಕಂಡರೆ ಕಡತ ಸರಿಯಾಗಿದೆ, ಪ್ಲೇಯರ್ ಅದನ್ನು ಬೇರೆ ಗಾಮಾದಲ್ಲಿ (ಹೊಳಪಿನ ಹಂಚಿಕೆಯ ಲೆಕ್ಕ) ತೋರಿಸುತ್ತಿದೆ ಅಷ್ಟೆ. ಚಿತ್ರದ ಛಾಯೆ ಉಳಿದರೆ ದೋಷ ಎಕ್ಸ್‌ಪೋರ್ಟ್‌ನದು. ಆಗ 8 ಬಿಟ್ ಮಟ್ಟಗಳು 16ರಿಂದ 235ರ ವಿಡಿಯೊ ಶ್ರೇಣಿಯಲ್ಲಿವೆಯೋ 0ಯಿಂದ 255ರ ಪೂರ್ಣ ಶ್ರೇಣಿಯಲ್ಲಿವೆಯೋ ಎಂದು ಪರಿಶೀಲಿಸಿ.

ಕನ್ನಡದ ಶೀರ್ಷಿಕೆಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಒಡೆದು ನಿಂತರೆ ಅದು ಫಾಂಟಿನ ತಪ್ಪಲ್ಲದಿರಬಹುದು. ಪ್ರೀಮಿಯರ್‌ನ ಗ್ರಾಫಿಕ್ಸ್ ಪ್ರಿಫರೆನ್ಸ್‌ನಲ್ಲಿ ಮತ್ತು ಆಫ್ಟರ್ ಎಫೆಕ್ಟ್ಸ್‌ನ ಟೈಪ್ ಪ್ರಿಫರೆನ್ಸ್‌ನಲ್ಲಿ ಪಠ್ಯ ಎಂಜಿನ್ನನ್ನು ಸೌತ್ ಏಷ್ಯನ್ ಎಂಬ ಆಯ್ಕೆಗೆ ಬದಲಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆದು ಆ ಶೀರ್ಷಿಕೆಯನ್ನು ಹೊಸದಾಗಿ ಟೈಪಿಸಿ.

ಕ್ಯಾಮೆರಾದ ಮೆಮೊರಿ ಕಾರ್ಡ್ ಅಥವಾ ಕಡತ ಹಾಳಾದರೆ

ಇಲ್ಲಿ ಅವಸರ ಮಾಡಿದರೆ ಆಗುವ ನಷ್ಟ ಮರಳಿ ಬಾರದು, ಆದ್ದರಿಂದ ನಿಧಾನವಾಗಿ ಓದಿ. ಕಾರ್ಡ್ ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಆ ಕಾರ್ಡ್ ಮೇಲೆ ಮತ್ತೆ ಚಿತ್ರೀಕರಿಸಬೇಡಿ, ದುರಸ್ತಿ ಸಾಧನವನ್ನು ನೇರವಾಗಿ ಅದರ ಮೇಲೆ ಓಡಿಸಬೇಡಿ. ಮೊದಲು ಬೇರೆ ಕಾರ್ಡ್ ರೀಡರ್‌ನಲ್ಲಿ ಹಾಕಿ ನೋಡಿ, ಎಷ್ಟೋ ಸಲ ದೋಷ ರೀಡರ್‌ನದೇ ಆಗಿರುತ್ತದೆ. ಆಗಲೂ ಬಾರದಿದ್ದರೆ ಡಿಡಿರೆಸ್ಕ್ಯೂನಂಥ ಸಾಧನದಿಂದ ಕಾರ್ಡ್‌ನ ಪೂರ್ಣ ಪ್ರತಿಬಿಂಬವನ್ನು ಡಿಸ್ಕ್‌ಗೆ ತೆಗೆದುಕೊಳ್ಳಿ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಉಳಿಸಿಕೊಂಡು ಆಮೇಲೆ ಕೆಟ್ಟ ಭಾಗಗಳಿಗೆ ಮರಳುತ್ತದೆ. ಫೋಟೊರೆಕ್ ಮೊದಲಾದ ಹುಡುಕುವ ಸಾಧನಗಳನ್ನು ಆ ಪ್ರತಿಬಿಂಬದ ಮೇಲೆ ಎಷ್ಟು ಸಲವಾದರೂ ಪ್ರಯೋಗಿಸಬಹುದು. ಎಸ್‌ಎಸ್‌ಡಿಯಿಂದ ಅಳಿಸಿದ ಕಡತಗಳ ವಿಷಯದಲ್ಲಿ ಹೀಗೆ ಭರವಸೆ ಇಟ್ಟುಕೊಳ್ಳುವಂತಿಲ್ಲ, ಟ್ರಿಮ್ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ.

ರೆಕಾರ್ಡ್ ಆಗುತ್ತಿರುವಾಗಲೇ ಕ್ಯಾಮೆರಾದ ಬ್ಯಾಟರಿ ಹೋಗಿ ಎಂಪಿ4 ಕಡತ ತೆರೆಯದಿದ್ದರೆ, ಚಿತ್ರ ಮತ್ತು ದನಿ ಅದರೊಳಗೇ ಇರುತ್ತವೆ. ಕೊನೆಯಲ್ಲಿ ಬರೆಯಬೇಕಿದ್ದ ಸೂಚಿ ಮಾತ್ರ ಇರುವುದಿಲ್ಲ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಚಿತ್ರಿಸಿದ ಒಂದು ಆರೋಗ್ಯವಂತ ಕಡತವನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಸಾಧನ ಆ ಸೂಚಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ, ಬಹಳಷ್ಟು ಸಲ ಗೆಲ್ಲುತ್ತದೆ. ಮುಂದಿನ ಬಾರಿಗೆ, ಕಾರ್ಡ್‌ನಿಂದ ನಕಲು ಮಾಡುವಾಗ ಫೋಲ್ಡರ್ ರಚನೆಯನ್ನು ಒಡೆಯದೆ ಇಡಿಯಾಗಿ, ಚೆಕ್‌ಸಮ್ (ಕಡತದ ದತ್ತಾಂಶದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ಹೋಲಿಸುವ ಸಾಧನದಿಂದಲೇ ನಕಲು ಮಾಡಿ. ಎರಡು ಕಡೆ ನಕಲಾಗಿ ತಾಳೆಯಾಗುವವರೆಗೆ ಕಾರ್ಡನ್ನು ಅಳಿಸಬೇಡಿ.

ತೊಂದರೆ ಹೋಯಿತೆಂದು ಅನ್ನಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಹುಡುಕಾಟದಲ್ಲಿ ಬದಲಿಸಿದ ಸೆಟ್ಟಿಂಗ್‌ಗಳಲ್ಲಿ ಗುಣವಾಗಲು ಕಾರಣವಾದದ್ದನ್ನು ಬಿಟ್ಟು ಉಳಿದವನ್ನೆಲ್ಲ ಒಂದೊಂದಾಗಿ ಮೊದಲಿನಂತೆ ಮಾಡಿ, ಪ್ರತಿ ಸಲವೂ ಸೋತಿದ್ದ ಅದೇ 38 ಸೆಕೆಂಡಿನ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಪೂರ್ಣ ಕಡತವನ್ನು ತೆಗೆದು, ಆರಂಭದಿಂದ ಅಂತ್ಯದವರೆಗೆ ಹೆಡ್‌ಫೋನ್ ಹಾಕಿಕೊಂಡು ನೋಡಿ. ಪರೀಕ್ಷಾ ಪ್ರಾಜೆಕ್ಟ್ ಇರುವ ಫೋಲ್ಡರ್‌ನಲ್ಲಿ ಒಂದು ಪಠ್ಯ ಕಡತ ತೆರೆದು, ದಿನಾಂಕ, ಲಕ್ಷಣ, ನಿಜವಾದ ಕಾರಣ, ಡ್ರೈವರ್ ಮತ್ತು ಸಾಫ್ಟ್‌ವೇರ್‌ನ ಆವೃತ್ತಿ ಸಂಖ್ಯೆ ಇಷ್ಟನ್ನು ಬರೆದಿಡಿ.